ಕೊಳ್ಳುವವನ ಎಚ್ಚರ, ಕೊಂಡವನ ಹಕ್ಕು

ಕುಂಬಾರನ ಬಳಿ ಮಡಕೆಯನ್ನು ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ನಾದ ಗಟ್ಟಿಯಾಗಿ ಬಂದರೆ ಮಡಕೆ ಗಟ್ಟಿ; ಒಡಕು ದನಿ ಬಂದರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೆಂದು ಅರ್ಥ. ದನಗಳ ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಅದರ ಬಾಯಿ ತೆರೆಸಿ ಹಲ್ಲುಗಳನ್ನು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ. ಸಾಧ್ಯವಾದರೆ ನೊಗಕ್ಕೆ ಕಟ್ಟಿ ಪರೀಕ್ಷಿಸುತ್ತಾನೆ. ಕೊಳ್ಳುವವನಿಗೆ ವಸ್ತುವಿನ ಗುಣ ತಿಳಿದಿರಬೇಕು ಎಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ನೀತಿ. ಆದರೆ ಯಂತ್ರಯುಗದ ಸರಕುಗಳನ್ನು ಹೀಗೆ ಪರೀಕ್ಷಿಸುವುದು ಸುಲಭವಲ್ಲ. ಅವುಗಳ ಗುಣವೂ ದೋಷವೂ ಒಳಗೆ ಅಡಗಿರುತ್ತವೆ. ಮಾರುವವನಿಗೆ ಗೊತ್ತಿರುವ ಸಂಗತಿ ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಈ ಅಂತರವು ಎದ್ದು ಕಾಣುವ ಸರಕುಗಳಲ್ಲಿ ನವೀಕರಿಸಿದ ಲ್ಯಾಪ್‌ಟಾಪ್ ಒಂದು.

ವ್ಯಾಪಾರದ ಭಾಷೆಯಲ್ಲಿ ‘ರಿಫರ್ಬಿಷ್ಡ್’ ಎಂದು ಕರೆಯಲ್ಪಡುವ ಈ ಲ್ಯಾಪ್‌ಟಾಪ್‌ಗಳು ಎಲ್ಲಿಂದ ಬರುತ್ತವೆ? ದೊಡ್ಡ ಕಚೇರಿಗಳು ತಮ್ಮ ನೌಕರರಿಗೆ ಕೊಟ್ಟ ಯಂತ್ರಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಾಯಿಸುತ್ತವೆ. ಬಾಡಿಗೆಗೆ ಕೊಟ್ಟ ಯಂತ್ರಗಳು ಅವಧಿ ಮುಗಿದ ಮೇಲೆ ಹಿಂದಿರುಗುತ್ತವೆ. ಗಿರಾಕಿಗಳು ಕೊಂಡು ಕೆಲವೇ ದಿನಗಳಲ್ಲಿ ಹಿಂದಿರುಗಿಸಿದವೂ ಇರುತ್ತವೆ. ಇವನ್ನು ಸಗಟಾಗಿ ಕೊಂಡವರು ಬಿಚ್ಚಿ ಶುಚಿಗೊಳಿಸಿ, ಸವೆದ ಭಾಗಗಳನ್ನು ಬದಲಿಸಿ, ತಂತ್ರಾಂಶವನ್ನು ಹೊಸದಾಗಿ ಅಳವಡಿಸಿ ಮತ್ತೆ ಮಾರಾಟಕ್ಕೆ ಇಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್ ಮೊದಲಾದ ಸ್ಥಳಗಳು ಇಂಥ ವ್ಯಾಪಾರಕ್ಕೆ ಹೆಸರಾಗಿವೆ. ಅಂತರ್ಜಾಲದ ಮೂಲಕವೂ ಇವು ಮಾರಾಟವಾಗುತ್ತವೆ. ಹೊಸದರ ಬೆಲೆಯನ್ನು ತೆರಲಾರದ ಕುಟುಂಬಗಳಿಗೆ ಇವುಗಳಿಂದ ದೊಡ್ಡ ಉಪಕಾರವಾಗಿದೆ. 2020ರಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿ ಪಾಠಗಳು ಅಂತರ್ಜಾಲಕ್ಕೆ ಸಾಗಿದಾಗ, ಮನೆಯಲ್ಲಿ ಗಣಕಯಂತ್ರವಿಲ್ಲದ ಮಕ್ಕಳು ಎಷ್ಟು ಹಿಂದೆ ಬಿದ್ದರೆಂಬುದನ್ನು ನಾಡೆಲ್ಲ ಕಂಡಿತು.

ನವೀಕರಣವು ಹೀನವಾದ ಉದ್ಯೋಗವೇನೂ ಅಲ್ಲ. 2022ನೆಯ ಇಸವಿಯೊಂದರಲ್ಲೇ ಪ್ರಪಂಚದಲ್ಲಿ ಸುಮಾರು 6.2 ಕೋಟಿ ಟನ್ನುಗಳಷ್ಟು ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತೆಂದು ಅಂದಾಜು ಮಾಡಲಾಗಿದೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದು ಕಾಲುಭಾಗಕ್ಕಿಂತಲೂ ಕಡಿಮೆ. ಸೀಸ, ಪಾದರಸಗಳಂಥ ವಿಷವಸ್ತುಗಳು ಈ ತ್ಯಾಜ್ಯದ ಮೂಲಕ ನೆಲಕ್ಕೂ ನೀರಿಗೂ ಸೇರುತ್ತವೆ. ಒಂದು ಯಂತ್ರದ ಆಯುಷ್ಯವನ್ನು ಮೂರು ನಾಲ್ಕು ವರ್ಷ ಹೆಚ್ಚಿಸಿದರೆ ಅಷ್ಟರ ಮಟ್ಟಿಗೆ ಭೂಮಿಯ ಭಾರ ಇಳಿದಂತೆಯೇ ಸರಿ. ಭಾರತ ಸರ್ಕಾರವು 2022ರಲ್ಲಿ ಪ್ರಕಟಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣಾ ನಿಯಮಗಳು ನವೀಕರಣ ಮಾಡುವವರನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿ, ಅವರು ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿವೆ.

ಆದರೆ ‘ನವೀಕರಿಸಿದ್ದು’ ಎಂಬ ಒಂದೇ ಚೀಟಿಯನ್ನು ಎರಡು ಬಗೆಯ ವಸ್ತುಗಳಿಗೆ ಅಂಟಿಸಬಹುದು. ಪ್ರತಿಯೊಂದು ಭಾಗವನ್ನೂ ಪರೀಕ್ಷಿಸಿ ಸರಿಪಡಿಸಿದ ಯಂತ್ರಕ್ಕೂ ಅದೇ ಹೆಸರು. ಹೊರಮೈಯನ್ನು ಮಾತ್ರ ಒರೆಸಿ ಹೊಳಪುಕೊಟ್ಟ ಯಂತ್ರಕ್ಕೂ ಅದೇ ಹೆಸರು. ಎರಡನೆಯದನ್ನು ಕೊಂಡವರ ಪಾಡೇನು? ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಹುಡುಗಿ ಪಾಲಿಟೆಕ್ನಿಕ್ಕಿಗೆ ಸೇರಿದ್ದಾಳೆ. ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ ತಂದೆ 18,000 ರೂಪಾಯಿಗಳನ್ನು ತೆಗೆದಿಟ್ಟು, ಬೆಂಗಳೂರಿನ ಅಂಗಡಿಯೊಂದರಲ್ಲಿ ಮಗಳಿಗಾಗಿ ನವೀಕರಿಸಿದ ಲ್ಯಾಪ್‌ಟಾಪನ್ನು ಕೊಂಡಿದ್ದಾನೆ. ‘ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ; ಆರು ತಿಂಗಳ ವಾರಂಟಿ’ ಎಂದು ಅಂಗಡಿಯವನು ಹೇಳಿದ್ದಲ್ಲದೆ ಬಿಲ್ಲಿನಲ್ಲಿಯೂ ಬರೆದುಕೊಟ್ಟಿದ್ದಾನೆ. ವಾರ ಕಳೆಯುವುದರೊಳಗೆ ಯಂತ್ರವು ಒಂದು ಗಂಟೆಗೇ ಆರಿಹೋಗತೊಡಗಿತು. ತಳವು ಕೈಯಿಡಲಾರದಷ್ಟು ಬಿಸಿಯಾಗತೊಡಗಿತು. ದೂರವಾಣಿಯಲ್ಲಿ ಕೇಳಿದಾಗ ಬಂದ ಉತ್ತರ ಒಂದೇ: ‘ಹಳೆಯದೆಂದು ತಿಳಿದೇ ಕೊಂಡಿದ್ದೀರಿ, ಇಷ್ಟು ಬೆಲೆಗೆ ಇನ್ನೇನು ಸಿಗುತ್ತದೆ?’

ಈ ಮಾತಿಗೆ ತಲೆಬಾಗಿ ಸುಮ್ಮನಾಗುವವರೇ ಹೆಚ್ಚು. ಆದರೆ ಇದು ಸರಿಯಾದ ಉತ್ತರವೇ? ತಂದೆಯು ಒಪ್ಪಿಕೊಂಡದ್ದು ಯಂತ್ರದ ವಯಸ್ಸನ್ನು. ಬಿಲ್ಲಿನಲ್ಲಿ ಬರೆದದ್ದು ಸುಳ್ಳಾಗಲೆಂದು ಅವನು ಒಪ್ಪಿಕೊಂಡಿರಲಿಲ್ಲ. ಬೆಲೆ ಕಡಿಮೆಯಾದದ್ದು ವಸ್ತು ಹಳೆಯದೆಂಬ ಕಾರಣಕ್ಕೆ. ಕೊಟ್ಟ ಮಾತನ್ನು ಮುರಿಯುವ ಸ್ವಾತಂತ್ರ್ಯವು ಆ ರಿಯಾಯಿತಿಯಲ್ಲಿ ಸೇರಿಲ್ಲ. ಇದನ್ನು ಸಾಧಿಸಿ ತೋರಿಸಬೇಕಾದರೆ ಕೊಂಡವನಿಗೆ ಮೂರು ಸಾಧನಗಳು ಬೇಕು: ದೋಷದ ತಿಳಿವಳಿಕೆ, ಲಿಖಿತ ದಾಖಲೆ ಮತ್ತು ಕಾನೂನಿನ ಪರಿಚಯ.

ಮೊದಲನೆಯದು ದೋಷದ ತಿಳಿವಳಿಕೆ. ‘ಕೆಲಸ ಮಾಡುತ್ತಿಲ್ಲ’ ಎಂದರೆ ಸಾಲದು. ಯಾವ ಭಾಗ, ಯಾವಾಗ, ಎಷ್ಟರ ಮಟ್ಟಿಗೆ ಕೆಟ್ಟಿದೆಯೆಂದು ಹೇಳಬೇಕು. ಬ್ಯಾಟರಿಯನ್ನೇ ತೆಗೆದುಕೊಳ್ಳೋಣ. ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಈ ಬಗೆಯ ಬ್ಯಾಟರಿಗಳು ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ತುಂಬಿಸಿ ಬರಿದು ಮಾಡಿದಂತೆಲ್ಲ ಅದರ ಧಾರಣಶಕ್ತಿ ಸ್ವಲ್ಪಸ್ವಲ್ಪವಾಗಿ ಕುಗ್ಗುತ್ತದೆ. ಶಾಖವು ಈ ಕ್ಷಯವನ್ನು ತೀವ್ರಗೊಳಿಸುತ್ತದೆ. ಧಾರಣಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. ವಿಂಡೋಸ್ ವ್ಯವಸ್ಥೆಯಲ್ಲಿ ಬ್ಯಾಟರಿಯ ವರದಿಯನ್ನು ಪಡೆಯುವ ಸೌಕರ್ಯವಿದೆ. ತಯಾರಾದಾಗ ಇದ್ದ ಶಕ್ತಿ ಎಷ್ಟು, ಈಗ ಪೂರ್ತಿ ತುಂಬಿದಾಗ ನಿಲ್ಲುವ ಶಕ್ತಿ ಎಷ್ಟು ಎಂಬುದನ್ನು ಆ ವರದಿ ತೋರಿಸುತ್ತದೆ. ನಾವು ಕಲ್ಪಿಸಿಕೊಂಡ ಯಂತ್ರದಲ್ಲಿ ಮೊದಲನೆಯ ಅಂಕಿ 50, ಎರಡನೆಯದು 12 ಎಂದಿಟ್ಟುಕೊಳ್ಳಿ. ಅಂದರೆ ಉಳಿದಿರುವುದು ಶೇಕಡ 24 ಮಾತ್ರ. ಯಂತ್ರವು ಸರಾಸರಿ 12 ವ್ಯಾಟ್ ವಿದ್ಯುತ್ತನ್ನು ಬಳಸುವುದಾದರೆ, ಹೊಸ ಬ್ಯಾಟರಿಯಲ್ಲಿ ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಕಾಲ ನಡೆಯಬೇಕಾದದ್ದು ಈಗ ಒಂದೇ ಗಂಟೆ ನಡೆಯುತ್ತದೆ. ‘ಬ್ಯಾಟರಿ ಚೆನ್ನಾಗಿಲ್ಲ’ ಎಂಬ ದೂರಿಗಿಂತ ಈ ಎರಡು ಅಂಕಿಗಳು ಎಷ್ಟೋ ಬಲವಾದ ಸಾಕ್ಷ್ಯ.

ಇತರ ಭಾಗಗಳನ್ನೂ ಹೀಗೆಯೇ ಪರೀಕ್ಷಿಸಬಹುದು. ಮಾಹಿತಿಯನ್ನು ಸಂಗ್ರಹಿಸುವ ಡಿಸ್ಕು ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುತ್ತದೆ. ಎಷ್ಟು ಗಂಟೆಗಳ ಕಾಲ ದುಡಿದಿದೆ, ಎಷ್ಟು ಭಾಗ ಕೆಟ್ಟಿದೆ ಎಂಬ ವಿವರವನ್ನು ಅದರಿಂದ ತಿಳಿಯಬಹುದು. ಹಳೆಯ ಮಾದರಿಯ ಹಾರ್ಡ್ ಡಿಸ್ಕು ‘ಟಕ್ ಟಕ್’ ಎಂದು ಸದ್ದು ಮಾಡತೊಡಗಿದರೆ ಅದರ ಅಂತ್ಯ ಸಮೀಪಿಸಿತೆಂದು ತಿಳಿಯಬೇಕು. ಯಂತ್ರ ಅತಿಯಾಗಿ ಬಿಸಿಯಾಗಲು ಫ್ಯಾನಿನಲ್ಲಿ ತುಂಬಿದ ಧೂಳು ಕಾರಣವಾಗಿರಬಹುದು. ಪ್ರೊಸೆಸರಿನ ಶಾಖವನ್ನು ಸಾಗಿಸಲು ಲೇಪಿಸಿದ ಪೇಸ್ಟು ಒಣಗಿರಬಹುದು. ಬಿಸಿ ಮಿತಿ ಮೀರಿದಾಗ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪರದೆಯ ಮೇಲೆ ಬಿಳಿಯ ಚಿತ್ರವೊಂದನ್ನು ತುಂಬಿಸಿ ನೋಡಿದರೆ ಸತ್ತ ಚುಕ್ಕೆಗಳು ಕಾಣುತ್ತವೆ. ಕೀಲಿಮಣೆಯ ಪ್ರತಿಯೊಂದು ಕೀಲಿ, ಕ್ಯಾಮರಾ, ಧ್ವನಿವರ್ಧಕ, ಕೀಲು, ಚಾರ್ಜರು ಇವೆಲ್ಲವನ್ನೂ ಮೊದಲ ಒಂದೆರಡು ದಿನಗಳಲ್ಲಿಯೇ ಪರೀಕ್ಷಿಸಿ ಬರೆದಿಟ್ಟುಕೊಳ್ಳುವುದು ಜಾಣತನ.

ಕಣ್ಣಿಗೆ ಕಾಣದ ಇನ್ನೆರಡು ದೋಷಗಳುಂಟು. ಕಚೇರಿಯಿಂದ ಬಂದ ಯಂತ್ರಗಳಲ್ಲಿ ಹಿಂದಿನ ಒಡೆಯರ ಸಂಕೇತಪದ ಅಥವಾ ದೂರನಿಯಂತ್ರಣದ ಬೀಗ ಉಳಿದಿರಬಹುದು. ಅಂಥ ಯಂತ್ರವು ಯಾವ ದಿನವಾದರೂ ಕೆಲಸ ನಿಲ್ಲಿಸಬಹುದು. ಯಂತ್ರದ ತಳದಲ್ಲಿ ಮುದ್ರಿಸಿದ ಕ್ರಮಸಂಖ್ಯೆ, ಒಳಗಿನ ದಾಖಲೆಯಲ್ಲಿರುವ ಕ್ರಮಸಂಖ್ಯೆ ಮತ್ತು ಬಿಲ್ಲಿನಲ್ಲಿ ಬರೆದ ಕ್ರಮಸಂಖ್ಯೆ, ಈ ಮೂರೂ ಒಂದೇ ಆಗಿರಬೇಕು. ಎರಡನೆಯದು ತಂತ್ರಾಂಶದ ಮಾತು. ವಿಂಡೋಸ್ 10ಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಪ್ರೊಸೆಸರುಗಳುಳ್ಳ ಅನೇಕ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಅವುಗಳಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಬಳಸಬಹುದು, ನಿಜ. ಆದರೆ ಅದು ಕೊಳ್ಳುವ ಮೊದಲೇ ತಿಳಿದಿರಬೇಕಾದ ಸಂಗತಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಬ್ಯಾಟರಿ ಉಬ್ಬಿ ಕೀಲಿಮಣೆಯೋ ತಳದ ಹೊದಿಕೆಯೋ ಮೇಲೆದ್ದಿದ್ದರೆ ಯಂತ್ರವನ್ನು ಆರಿಸಿ, ಚಾರ್ಜರನ್ನು ಕಿತ್ತು, ಬಳಸುವುದನ್ನು ಒಡನೆಯೇ ನಿಲ್ಲಿಸಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಆಹ್ವಾನ ಕೊಟ್ಟಂತೆ. ವಾರಂಟಿಯ ಅವಧಿಯಲ್ಲಿ ಯಂತ್ರವನ್ನು ತಾನೇ ಬಿಚ್ಚುವುದು, ಇನ್ನೊಬ್ಬ ದುರಸ್ತಿಗಾರನಿಂದ ಬಿಚ್ಚಿಸುವುದು ಕೂಡ ತರವಲ್ಲ. ‘ನೀವೇ ಕೆಡಿಸಿದಿರಿ’ ಎಂಬ ವಾದಕ್ಕೆ ಅದು ಎಡೆಮಾಡಿಕೊಡುತ್ತದೆ.

ಎರಡನೆಯ ಸಾಧನ ಲಿಖಿತ ದಾಖಲೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರಹ ಉಳಿಯುತ್ತದೆ. ಬಿಲ್ಲು, ವಾರಂಟಿ ಚೀಟಿ, ಜಾಹೀರಾತಿನ ಪ್ರತಿ, ಹಣ ಸಂದಾಯದ ಗುರುತು, ದೋಷವನ್ನು ತೋರಿಸುವ ಛಾಯಾಚಿತ್ರ, ಅಂಗಡಿಯವರೊಡನೆ ನಡೆದ ಸಂದೇಶಗಳು ಇವೆಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಡಬೇಕು. ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆಂಬ ಆಮಿಷಕ್ಕೆ ಒಳಗಾದವರು, ಉಳಿಸಿದ ತೆರಿಗೆಗಿಂತ ದೊಡ್ಡದಾದ ಸಾಕ್ಷ್ಯವನ್ನು ಕಳೆದುಕೊಳ್ಳುತ್ತಾರೆ. ದುರಸ್ತಿಗೆ ಯಂತ್ರವನ್ನು ಒಪ್ಪಿಸುವಾಗ ಸ್ವಂತ ಮಾಹಿತಿಯ ನಕಲನ್ನು ತೆಗೆದುಕೊಂಡು, ಯಂತ್ರದಿಂದ ಅದನ್ನು ಅಳಿಸಿ, ಒಪ್ಪಿಸಿದ್ದಕ್ಕೆ ರಸೀತಿ ಪಡೆಯಬೇಕು.

ಬಳಿಕ ಅಂಗಡಿಯವರಿಗೆ ಪತ್ರ ಬರೆಯಬೇಕು. ಪತ್ರದಲ್ಲಿ ಕೋಪಕ್ಕಿಂತ ಸಂಗತಿಗೆ ಹೆಚ್ಚು ಸ್ಥಾನವಿರಲಿ. ಅದು ಈ ರೀತಿಯಲ್ಲಿರಬಹುದು:

‘ಮಾನ್ಯರೇ, ಇದೇ ತಿಂಗಳ 4ನೆಯ ತಾರೀಖಿನಂದು ತಮ್ಮಲ್ಲಿ 18,000 ರೂಪಾಯಿಗಳಿಗೆ ಒಂದು ಲ್ಯಾಪ್‌ಟಾಪನ್ನು ಕೊಂಡಿರುತ್ತೇನೆ. ಬ್ಯಾಟರಿಯು ನಾಲ್ಕು ಗಂಟೆಗಳ ಕಾಲ ನಡೆಯುವುದೆಂದು ತಾವು ಬಿಲ್ಲಿನಲ್ಲಿ ಬರೆದುಕೊಟ್ಟಿದ್ದೀರಿ. ಅದು ಒಂದು ಗಂಟೆ ಮಾತ್ರ ನಡೆಯುತ್ತಿದೆ. ಯಂತ್ರವು ಅತಿಯಾಗಿ ಬಿಸಿಯಾಗುತ್ತಿದೆ. ಬ್ಯಾಟರಿಯ ವರದಿಯನ್ನೂ ಬಿಲ್ಲಿನ ನಕಲನ್ನೂ ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ ಹದಿನೈದು ದಿನಗಳೊಳಗಾಗಿ ದೋಷವನ್ನು ಸರಿಪಡಿಸಿ ಅಥವಾ ಬೇರೆ ಯಂತ್ರವನ್ನು ಕೊಡಿ. ಎರಡೂ ಸಾಧ್ಯವಾಗದಿದ್ದರೆ ಹಣವನ್ನು ಹಿಂದಿರುಗಿಸಬೇಕೆಂದು ಕೋರುತ್ತೇನೆ.’

ಕೊಂಡ ದಿನ, ಕೊಟ್ಟ ಮಾತು, ಕಂಡ ದೋಷ, ಕೇಳುವ ಪರಿಹಾರ, ಗಡುವು ಈ ಐದೂ ಇಂಥ ಪತ್ರದಲ್ಲಿರಬೇಕು. ಸ್ಪೀಡ್ ಪೋಸ್ಟಿನಲ್ಲೋ ಮಿಂಚಂಚೆಯಲ್ಲೋ ಕಳುಹಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಎಷ್ಟೋ ವ್ಯಾಜ್ಯಗಳು ಇಂಥ ಪತ್ರವೊಂದರಿಂದಲೇ ಬಗೆಹರಿಯುತ್ತವೆ.

ಬಗೆಹರಿಯದಿದ್ದರೆ ಮೂರನೆಯ ಸಾಧನವಾದ ಕಾನೂನಿನ ನೆರವನ್ನು ಪಡೆಯಬೇಕಾಗುತ್ತದೆ. ಹಿಂದೆ ವ್ಯಾಪಾರದಲ್ಲಿ ಪ್ರಬಲವಾಗಿದ್ದ ಸೂತ್ರ ‘ಕೊಳ್ಳುವವನೇ ಎಚ್ಚರದಿಂದಿರಲಿ’ ಎಂಬುದು. ನಮ್ಮ ದೇಶದಲ್ಲಿ 1930ರಷ್ಟು ಹಿಂದೆಯೇ ಆದ ಸರಕುಗಳ ಮಾರಾಟದ ಕಾಯಿದೆಯು ಈ ಸೂತ್ರಕ್ಕೆ ಕೆಲವು ಮಿತಿಗಳನ್ನು ಹಾಕಿತು. ವರ್ಣನೆ ಕೊಟ್ಟು ಮಾರಿದ ಸರಕು ಆ ವರ್ಣನೆಗೆ ಹೊಂದಿರಬೇಕು. ಅಂಥ ಸರಕುಗಳ ವ್ಯಾಪಾರಿಯಿಂದ ಕೊಂಡದ್ದು ಮಾರಾಟಯೋಗ್ಯವಾದ ಗುಣಮಟ್ಟದ್ದಾಗಿರಬೇಕು. ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳ ಬಗ್ಗೆ ಅವನು ಈ ಗುಣಮಟ್ಟದ ನಿಯಮವನ್ನು ಮುಂದೊಡ್ಡುವಂತಿಲ್ಲ. ಲ್ಯಾಪ್‌ಟಾಪಿನ ಮುಚ್ಚಳದ ಮೇಲಿನ ಗೀರನ್ನು ನೋಡಿಯೇ ಕೊಂಡವನು ಅದಕ್ಕಾಗಿ ದೂರಲಾರ. ಒಳಗೆ ಅಡಗಿದ್ದ ಬ್ಯಾಟರಿಯ ಕ್ಷಯದ ಮಾತು ಬೇರೆ.

ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರು 1962ರ ಮಾರ್ಚ್ 15ರಂದು ತಮ್ಮ ದೇಶದ ಶಾಸನಸಭೆಗೆ ಕಳುಹಿಸಿದ ಸಂದೇಶದಲ್ಲಿ ಸುರಕ್ಷತೆ, ಮಾಹಿತಿ, ಆಯ್ಕೆ ಮತ್ತು ಅಹವಾಲು ಹೇಳಿಕೊಳ್ಳುವ ಅವಕಾಶ ಎಂಬ ನಾಲ್ಕು ಹಕ್ಕುಗಳನ್ನು ಗ್ರಾಹಕರಿಗಾಗಿ ಎತ್ತಿಹಿಡಿದರು. ಆ ದಿನವನ್ನೇ ಈಗ ವಿಶ್ವ ಗ್ರಾಹಕರ ಹಕ್ಕುಗಳ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ 1986ರ ಡಿಸೆಂಬರ್ 24ರಂದು ಗ್ರಾಹಕರ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿತು.

ಈ ಹೊಸ ಕಾಯಿದೆಯು ‘ದೋಷ’ ಎಂಬುದನ್ನು ವಿವರಿಸುವಾಗ, ಕಾನೂನು ಅಥವಾ ಕರಾರಿನ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿನ ಕೊರತೆಯನ್ನು ಮಾತ್ರವಲ್ಲದೆ, ವ್ಯಾಪಾರಿಯೇ ಹೇಳಿಕೊಂಡ ಗುಣಮಟ್ಟದಲ್ಲಿನ ಕೊರತೆಯನ್ನೂ ಅದರಲ್ಲಿ ಸೇರಿಸುತ್ತದೆ. ಹಳೆಯ ಅಥವಾ ದುರಸ್ತಿ ಮಾಡಿದ ಸರಕನ್ನು ಹೊಸದೆಂದು ತೋರಿಸುವುದು, ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಗಳೆನಿಸುತ್ತವೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೂ ಅಂಥದೇ ಅನುಚಿತ ಪದ್ಧತಿ. ಆದ್ದರಿಂದ ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕವನ್ನು ತೂಗುಹಾಕಿದ ಮಾತ್ರಕ್ಕೆ ದೋಷವುಳ್ಳ ಸರಕಿನ ಹೊಣೆ ತಪ್ಪುವುದಿಲ್ಲ.

ಪರಿಹಾರದ ದಾರಿಯೂ ಈಗ ಹಿಂದಿನಷ್ಟು ದುರ್ಗಮವಲ್ಲ. 1915 ಎಂಬ ಸಂಖ್ಯೆಗೆ ಕರೆಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೊರೆಯುತ್ತದೆ. ಅಂತರ್ಜಾಲದ ಮೂಲಕ ಕೊಂಡಿದ್ದರೆ, 2020ರ ನಿಯಮಗಳಂತೆ ಆ ಮಾರಾಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಇವೆರಡರಿಂದಲೂ ಫಲ ದೊರೆಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡುವ ಅವಕಾಶವನ್ನು 2019ರ ಕಾಯಿದೆ ಕಲ್ಪಿಸಿದೆ. ಬೆಂಗಳೂರಿನಲ್ಲಿ ಕೊಂಡ ಯಂತ್ರದ ಬಗ್ಗೆ ಆ ರೈತನು ಹಾವೇರಿಯಲ್ಲಿಯೇ ದೂರಬಹುದು. ಬೆಲೆ ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವಿಲ್ಲ. ಹಣ ಕೊಟ್ಟವನು ತಂದೆಯಾದರೂ ಅವನ ಒಪ್ಪಿಗೆಯಿಂದ ಬಳಸುವ ಮಗಳೂ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕಳೇ. ಅವಳು ಅಪ್ರಾಪ್ತ ವಯಸ್ಸಿನವಳಾಗಿದ್ದರೆ ಅವಳ ಪರವಾಗಿ ತಂದೆ ಅಥವಾ ತಾಯಿ ದೂರು ಕೊಡಬಹುದು. ದೂರಿಗೆ ಕಾರಣವುಂಟಾದ ದಿನದಿಂದ ಎರಡು ವರ್ಷಗಳೊಳಗಾಗಿ ಅದನ್ನು ಸಲ್ಲಿಸಬೇಕು.

ಆಯೋಗವು ಅಗತ್ಯ ಕಂಡರೆ ವಸ್ತುವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸುತ್ತದೆ. ದೋಷವನ್ನು ಸರಿಪಡಿಸಲು, ವಸ್ತುವನ್ನು ಬದಲಿಸಿಕೊಡಲು, ಹಣ ಹಿಂದಿರುಗಿಸಲು, ನಷ್ಟ ತುಂಬಿಕೊಡಲು ಆದೇಶ ನೀಡಬಲ್ಲುದು. ಎದುರುಪಕ್ಷಕ್ಕೆ ನೋಟೀಸು ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದಲ್ಲಿ ಐದು ತಿಂಗಳಲ್ಲಿ, ದೂರನ್ನು ಇತ್ಯರ್ಥಗೊಳಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಆಚರಣೆಯಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು. ತಾಳ್ಮೆಯಿಲ್ಲದವನಿಗೆ ಹಕ್ಕಿದ್ದರೂ ಫಲವಿಲ್ಲ.

ಹಕ್ಕಿನ ಜೊತೆಯಲ್ಲಿಯೇ ಕರ್ತವ್ಯವೂ ಇದೆ. ಕೈಜಾರಿ ಬಿದ್ದು ಒಡೆದ ಪರದೆಯನ್ನು ‘ಬಂದಾಗಲೇ ಹೀಗಿತ್ತು’ ಎನ್ನುವ ಗ್ರಾಹಕನೂ, ಸತ್ತ ಬ್ಯಾಟರಿಯನ್ನು ‘ನಾಲ್ಕು ಗಂಟೆ ಬರುತ್ತದೆ’ ಎನ್ನುವ ವ್ಯಾಪಾರಿಯೂ ಒಂದೇ ತಪ್ಪನ್ನು ಮಾಡುತ್ತಾರೆ. ಹಳೆಯ ಯಂತ್ರಕ್ಕೆ ಹೊಸದರ ವೇಗವಿಲ್ಲವೆಂದು ದೂರುವುದೂ ನ್ಯಾಯವಲ್ಲ. ಇನ್ನೊಂದು ಕಡೆ, ‘ಬ್ಯಾಟರಿ ಸವೆದಿದೆ, ಒಂದು ಗಂಟೆ ಮಾತ್ರ ಬರುತ್ತದೆ, ಅದಕ್ಕೇ ಬೆಲೆ ಕಡಿಮೆ’ ಎಂದು ಮೊದಲೇ ಬರೆದುಕೊಡುವ ವ್ಯಾಪಾರಿಯು ಯಾರಿಗೂ ಮೋಸ ಮಾಡಿದಂತಾಗುವುದಿಲ್ಲ. ಅಂಥವನಲ್ಲಿಗೆ ಗಿರಾಕಿಗಳು ಮತ್ತೆ ಮತ್ತೆ ಬರುತ್ತಾರೆ.

ನಮ್ಮ ದೇಶದಲ್ಲಿ ಹೊಸ ವಸ್ತುವನ್ನೇ ಕೊಳ್ಳಬಲ್ಲವರಿಗಿಂತ ಹಳೆಯದನ್ನು ಕೊಂಡು ಬಾಳಬೇಕಾದವರು ಕಡಿಮೆಯೇನಲ್ಲ. ಬಡವನ ಮನೆಯ ಒಂದು ಲ್ಯಾಪ್‌ಟಾಪ್ ಕೆಟ್ಟರೆ ಕೆಡುವುದು ಯಂತ್ರ ಮಾತ್ರವಲ್ಲ. ಒಂದು ವರ್ಷದ ಓದು, ಒಂದು ಬೆಳೆಯ ದುಡಿಮೆ ಎರಡೂ ಅದರೊಡನೆ ಹೋಗಬಹುದು. ಆದುದರಿಂದ ಕಡಿಮೆ ಬೆಲೆ ಕೊಟ್ಟವನಿಗೆ ಕಡಿಮೆ ನ್ಯಾಯ ಸಾಕೆಂಬ ಭಾವನೆಯನ್ನು ವ್ಯಾಪಾರಿಯೂ ಬಿಡಬೇಕು, ಗ್ರಾಹಕನೂ ಬಿಡಬೇಕು. ಕೊಳ್ಳುವ ಮೊದಲು ಪರೀಕ್ಷಿಸುವುದು, ಕೊಂಡಾಗ ಬಿಲ್ಲು ಪಡೆಯುವುದು, ದೋಷ ಕಂಡಾಗ ವಿಳಂಬ ಮಾಡದೆ ಬರೆದು ತಿಳಿಸುವುದು ಈ ಮೂರನ್ನೂ ರೂಢಿಸಿಕೊಂಡವರು ತಮ್ಮ ಹಣವನ್ನು ಕಾಪಾಡಿಕೊಳ್ಳುವುದಲ್ಲದೆ, ಅದೇ ಅಂಗಡಿಗೆ ನಾಳೆ ಹೋಗುವ ಇನ್ನೊಬ್ಬರನ್ನೂ ಕಾಪಾಡುತ್ತಾರೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಬ್ಯಾಟರಿಯ ಧಾರಣಶಕ್ತಿಯನ್ನು ಯಾವ ಮಾನದಲ್ಲಿ ಅಳೆಯುತ್ತಾರೆ?
2. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ಯಾವುದು?
3. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆ ಎಂದಿನಿಂದ ಜಾರಿಗೆ ಬಂದಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ನವೀಕರಣವು ಹೀನವಾದ ಉದ್ಯೋಗವಲ್ಲವೆಂದು ಲೇಖಕರು ಹೇಳಲು ಕಾರಣವೇನು?
2. ಮುಚ್ಚಳದ ಮೇಲಿನ ಗೀರಿಗೂ ಬ್ಯಾಟರಿಯ ಕ್ಷಯಕ್ಕೂ ಕಾನೂನಿನ ದೃಷ್ಟಿಯಲ್ಲಿ ಇರುವ ವ್ಯತ್ಯಾಸವನ್ನು ವಿವರಿಸಿ.
3. ‘ಹಳೆಯದೆಂದು ತಿಳಿದೇ ಕೊಂಡಿದ್ದೀರಿ’ ಎಂಬ ಮಾತಿಗೆ ನಿಮ್ಮ ಉತ್ತರವೇನು?

ಇ) ನಿಮ್ಮ ಮನೆಯಲ್ಲಿ ಕೊಂಡ ಯಾವುದಾದರೊಂದು ವಸ್ತುವಿನಲ್ಲಿ ದೋಷ ಕಂಡಿತೆಂದು ಭಾವಿಸಿ, ಅಂಗಡಿಯವರಿಗೆ ಒಂದು ಪತ್ರವನ್ನು ಬರೆಯಿರಿ. ಪಾಠದಲ್ಲಿ ಹೇಳಿದ ಐದು ಅಂಶಗಳು ಅದರಲ್ಲಿ ಇರಲಿ.